ಎಮ್ಮೆಯ ಹೆಸರಿನ ಪಾಸ್‌ವರ್ಡ್

ಆ ಪಾಸ್‌ವರ್ಡನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲೋ ಯಾರೋ ಅದನ್ನು ಇನ್ನೂ ಬಳಸುತ್ತಿರಬಹುದು, ಮತ್ತು ಇನ್ನೊಂದು ಸುತ್ತು ಹರಿಹರಕ್ಕೆ ಅಲೆಯುವ ತಾಕತ್ತು ನನಗಿಲ್ಲ. ಇಷ್ಟು ಮಾತ್ರ ಹೇಳಬಹುದು: ಅದರ ಮುಂದಿನ ಭಾಗ ನಮ್ಮ ಅಜ್ಜಿ ಮನೆಯ ಒಂದು ಎಮ್ಮೆಯ ಹೆಸರು, ಹಿಂದಿನ ಭಾಗ ಆ ಮನೆಯ ಹಳೇ ಲ್ಯಾಂಡ್‌ಲೈನ್ ನಂಬರಿನ ಕೊನೆಯ ನಾಲ್ಕು ಅಂಕಿ, ನಡುವೆ ಒಂದು ಚಿಹ್ನೆ. ಎಮ್ಮೆ ಸತ್ತು ಎಷ್ಟೋ ವರ್ಷವಾಯಿತು. ಲ್ಯಾಂಡ್‌ಲೈನೂ ಹೋಯಿತು. ಪಾಸ್‌ವರ್ಡ್ ಮಾತ್ರ ಉಳಿದುಕೊಂಡಿತ್ತು.

ಅದನ್ನು ಕಟ್ಟಿದವನು ನನ್ನ ಸೋದರಮಾವ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು, ಆದರೂ ಚಿಕ್ಕಂದಿನಿಂದ ಏಕವಚನದಲ್ಲೇ ಕರೆದು ರೂಢಿಯಾಗಿದೆ. ಹರಿಹರದಲ್ಲಿ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದು, ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು ಇಟ್ಟುಕೊಂಡು, ಮಂದಿಗೆ ಅರ್ಜಿ ತುಂಬಿಕೊಡಲು ಕೂತ. ಅವನ ಮೊದಲ ಗಿರಾಕಿ ನಾನೇ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಅರ್ಜಿಗೆ ಮೇಲ್ ಐಡಿ ಬೇಕಿತ್ತು. ಮಾಮ ಹೊಸ ಉದ್ದನೆಯ ನೋಟ್‌ಬುಕ್ಕಿಗೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದು, ಮೇಲ್ ತೆರೆದುಕೊಟ್ಟ. ಪಾಸ್‌ವರ್ಡ್ ಏನಿಡಲಿ ಎಂದು ಕ್ಷಣಕಾಲ ಮೇಲೆ ನೋಡಿದ. ಆಮೇಲೆ ಎಮ್ಮೆಯ ಹೆಸರು ಬರೆದು, "ಇದನ್ನ ಇಡೀ ಲೋಕದಾಗ ಯಾವನೂ ಊಹೆ ಮಾಡಂಗಿಲ್ಲ" ಎಂದು ನಕ್ಕ.

ಆ ಮಾತು ನಿಜವೂ ಆಗಿತ್ತು. ಅದನ್ನು ಯಾರೂ ಊಹೆ ಮಾಡಲಿಲ್ಲ.

ಈಗ ನಾನು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದು ಊರಿನವರಿಗೆ ವೆಬ್‌ಸೈಟ್ ಕಟ್ಟಿಕೊಡುತ್ತೇನೆ. ಬಟ್ಟೆ ಅಂಗಡಿ, ಕಲ್ಯಾಣಮಂಟಪ, ದಂತವೈದ್ಯರು, ಯಾರು ಬಂದರೂ ಸರಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಅದು ಸುಳ್ಳು, ಮೂಗಿಗಿಂತ ಸ್ವಲ್ಪ ಮುಂದೆಯೇ ಇರುತ್ತದೆ. ಅದರಲ್ಲೂ ಪಾಸ್‌ವರ್ಡಿನ ವಿಷಯ ಬಂದರೆ ನಾನು ಯಾರ ಮುಖವನ್ನೂ ನೋಡುವವಳಲ್ಲ. ಒಬ್ಬ ಡಾಕ್ಟರಿಗೆ, ನಿಮ್ಮ ರೋಗಿಗಳ ಚೀಟಿಯನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿ, ಖರ್ಚಾದರೂ ಕಮ್ಮಿಯಾಗುತ್ತದೆ ಎಂದು ಹೇಳಿ ಆ ಕೆಲಸವನ್ನೇ ಕಳೆದುಕೊಂಡಿದ್ದೇನೆ.

ಹೋದ ವರ್ಷ ದಾವಣಗೆರೆಯ ಒಂದು ವಿದ್ಯಾಸಂಸ್ಥೆ ತನ್ನ ಹೆಣ್ಣುಮಕ್ಕಳ ಹಾಸ್ಟೆಲ್ ಅರ್ಜಿಯನ್ನು ಆನ್‌ಲೈನ್ ಮಾಡುವ ಕೆಲಸವನ್ನು ನನಗೆ ಕೊಟ್ಟಿತು. ಅರ್ಜಿಯಲ್ಲಿ ಹುಡುಗಿಯ ಫೋಟೋ, ಮನೆ ವಿಳಾಸ, ಫೋನ್ ನಂಬರು, ಕಾಯಿಲೆ ಕಸಾಲೆ ಎಲ್ಲ ಬರುತ್ತಿತ್ತು. ಯಾರಾದರೂ ಇನ್ನೊಬ್ಬರ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಒಂದು ಹುಡುಗಿಯ ಪೂರ್ತಿ ಬದುಕು ಅಂಗೈಯಲ್ಲಿ ಸಿಗುತ್ತದೆ. ಅದಕ್ಕೆ ನಾನು ಒಂದು ತಪಾಸಣೆ ಸೇರಿಸಿದೆ. ಜಗತ್ತಿನ ಬೇರೆ ಬೇರೆ ವೆಬ್‌ಸೈಟುಗಳಿಂದ ಕಳುವಾಗಿ ಹೊರಬಿದ್ದ ಪಾಸ್‌ವರ್ಡುಗಳನ್ನೆಲ್ಲ ಒಂದೆಡೆ ಕೂಡಿಸಿದ ಪಟ್ಟಿ ಇದೆ. ಹೊಸದಾಗಿ ಖಾತೆ ತೆರೆಯುವವರು ಹಾಕಿದ ಪಾಸ್‌ವರ್ಡ್ ಆ ಪಟ್ಟಿಯಲ್ಲಿದ್ದರೆ, ಇದು ಬೇಡ, ಬೇರೆ ಹಾಕಿ ಎಂದು ಸೈಟು ಹೇಳುತ್ತದೆ. ಎಷ್ಟು ಸಲ ಕಳುವಾಗಿದೆ ಎಂಬ ಲೆಕ್ಕವೂ ಪಟ್ಟಿಯಿಂದ ಬರುತ್ತದೆ.

ಸಂಸ್ಥೆಯ ಆಫೀಸ್ ಸೂಪರಿಂಟೆಂಡೆಂಟರಿಗೆ ಇದನ್ನು ವಿವರಿಸುವಾಗ ಅವರು ಒಂದು ಸರಿಯಾದ ಪ್ರಶ್ನೆ ಕೇಳಿದರು. "ಅಲ್ರೀ ಮೇಡಂ, ನಮ್ಮ ಹುಡುಗ್ಯಾರ ಪಾಸ್‌ವರ್ಡು ನೀವೇ ಹೊರಗಿನ ಯಾರಿಗೋ ಕಳಿಸಿ, ಇದು ಕಳುವಾಗೈತಾ ಅಂತ ಕೇಳ್ತೀರಾ? ಕಳ್ಳನ ಕೈಗೆ ಕೀಲಿ ಕೊಟ್ಟಂಗಾಗಲ್ವಾ?"

"ಪೂರ್ತಿ ಕಳಿಸಲ್ಲ ಸರ್. ನೀವು ನಮ್ಮ ಬಿ ಬ್ಲಾಕಿಗೆ ಒಬ್ಬರ ಮನೆಗೆ ಗುಟ್ಟಾಗಿ ಹೋಗಬೇಕು ಅಂದ್ಕೊಳ್ರಿ. ಆಟೋದವನಿಗೆ ಯಾವ ಮೇನ್ ರೋಡು ಅಂತಷ್ಟೇ ಹೇಳ್ತೀರಿ. ಅಲ್ಲಿ ಇಳಿದು, ಆಟೋ ಹೋದಮೇಲೆ ಮನೆ ನೀವೇ ಹುಡುಕ್ಕೊಂಡು ಹೋಗ್ತೀರಿ. ಆಟೋದವನಿಗೆ ರೋಡು ಗೊತ್ತು, ಮನೆ ಗೊತ್ತಿಲ್ಲ."

ನಡೆಯುವುದೂ ಹೆಚ್ಚು ಕಮ್ಮಿ ಹೀಗೆಯೇ. ಪಾಸ್‌ವರ್ಡನ್ನು ಗಣಿತದಲ್ಲಿ ಅರೆದು ಉದ್ದನೆಯ ಒಂದು ಗುರುತು ಮಾಡುತ್ತೇವೆ. ಅದರಿಂದ ಹಿಂದಕ್ಕೆ ಪಾಸ್‌ವರ್ಡ್ ತೆಗೆಯುವ ದಾರಿಯಿಲ್ಲ. ಆ ಗುರುತಿನ ಮೊದಲ ಐದು ಅಕ್ಷರ ಮಾತ್ರ ಪಟ್ಟಿ ಇಟ್ಟುಕೊಂಡವರಿಗೆ ಹೋಗುತ್ತದೆ. ಅವರು ಆ ಐದರಿಂದ ಶುರುವಾಗುವ ನೂರಾರು ಗುರುತುಗಳನ್ನು ಕಳಿಸುತ್ತಾರೆ. ನಮ್ಮದು ಅದರೊಳಗೆ ಇದೆಯೋ ಇಲ್ಲವೋ ಎಂದು ನಾವೇ ನೋಡಿಕೊಳ್ಳುತ್ತೇವೆ. ಸೂಪರಿಂಟೆಂಡೆಂಟರು ಕೊನೆಯ ಭಾಗವನ್ನು ಕೇಳಿಸಿಕೊಳ್ಳಲಿಲ್ಲ. "ಗುಟ್ಟಾಗಿ ಯಾರ ಮನೆಗೆ ಹೋಗ್ಲಿ ನಾನು ಈ ವಯಸ್ಸಿನಾಗ" ಎಂದು ನಗುತ್ತಾ ಸಹಿ ಹಾಕಿದರು.

ಅರ್ಜಿ ಶುರುವಾದ ಎರಡನೆಯ ದಿನ ಮೊದಲ ಫೋನ್ ಬಂತು. ಸಹಾಯಕ್ಕೆಂದು ಸೈಟಿನಲ್ಲಿ ಹಾಕಿದ್ದ ನಂಬರು ನನ್ನದೇ. ಒಬ್ಬ ಹೆಣ್ಣುಮಗಳು, ಹಿಂದೆ ಪಾತ್ರೆಯ ಸದ್ದು.

"ನಿಮ್ ಸೈಟು ನನ್ನ ಪಾಸ್‌ವರ್ಡು ತಗೊಳ್ಳವಲ್ದು ನೋಡ್ರಿ. ಸೋರಿಕೆ ಆಗೈತೆ ಅಂತೈತೆ. ನಮ್ಮನ್ಯಾಗ ಏನೂ ಸೋರಿಲ್ರಿ."

ಪಾಸ್‌ವರ್ಡನ್ನು ನನಗೆ ಹೇಳಬೇಡಿ ಎಂದು ನಾನು ಹೇಳುವುದರೊಳಗೆ ಆಕೆ ಒಂದೊಂದೇ ಅಕ್ಷರ ಓದತೊಡಗಿದ್ದಳು. ನಮ್ಮ ಕಡೆಯವರೆಲ್ಲ ಹೀಗೆಯೇ, ಪಾಸ್‌ವರ್ಡ್ ಕೇಳಿದರೆ ಮದುವೆ ಮನೆಯ ವಿಳಾಸ ಹೇಳಿದ ಹಾಗೆ ಗಟ್ಟಿ ದನಿಯಲ್ಲಿ, ಇನ್ನೊಂದು ಸಲ ಬಿಡಿಸಿ ಹೇಳುತ್ತಾರೆ. ಮೂರನೆಯ ಅಕ್ಷರಕ್ಕೆ ನನ್ನ ಬಾಯಿ ಮುಚ್ಚಿತು. ಉಳಿದ ಅಕ್ಷರಗಳು ಯಾವುವೆಂದು ನನಗೆ ಗೊತ್ತಿತ್ತು. ಎಮ್ಮೆಯ ಹೆಸರು ಮುಗಿಯಿತು, ಚಿಹ್ನೆ ಬಂತು, ನಾಲ್ಕು ಅಂಕಿ ಬಂದವು.

"ಇದನ್ನ ಯಾರು ಇಟ್ಟುಕೊಟ್ಟರು ನಿಮಗೆ?"

"ಹರಿಹರ ಬಸ್‌ಸ್ಟ್ಯಾಂಡ್ ಹತ್ರ ಆನ್‌ಲೈನ್ ಅಣ್ಣಾರು. ನನ್ನ ಎಲ್ಲಾ ಅರ್ಜಿನೂ ಅವರೇ ಹಾಕ್ತಾರೆ. ಚೀಟಿ ಬರ್ದುಕೊಟ್ಟಾರೆ, ಫೋನಿನ ಕವರ್‌ನಾಗ ಇಟ್ಕಂಡೀನಿ. ಈ ಸಲ ನಾನೇ ಫೋನಿನಾಗ ಹಾಕೋಣಂತ ನೋಡಿದೆ. ಮಗಳಿಗೆ ಅಲ್ಲಿ ಬಿ.ಎಸ್ಸಿ. ಸೀಟು ಸಿಕ್ಕೈತ್ರಿ. ಹಾಸ್ಟೆಲ್ ಸಿಗಲಿಲ್ಲಂದ್ರೆ ಕಳಸಂಗಿಲ್ಲ ಅಂತಾರೆ ನಮ್ಮನ್ಯಾಗ."

ಆಕೆಯದು ಹರಿಹರದ ಹತ್ತಿರದ ಹಳ್ಳಿ, ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ. ಬೇರೆ ಪಾಸ್‌ವರ್ಡ್ ಹಾಕಿ ಎಂದೆ. ಆಕೆ ಅಣ್ಣಾರನ್ನು ಕೇಳದೆ ಹಾಕುವುದಿಲ್ಲ ಎಂದಳು. ಮಧ್ಯಾಹ್ನದೊಳಗೆ ಇನ್ನೂ ಇಬ್ಬರು ಫೋನ್ ಮಾಡಿದರು. ಇಬ್ಬರೂ ಹರಿಹರದ ಕಡೆಯವರು, ಇಬ್ಬರೂ ಅದೇ ಎಮ್ಮೆಯ ಹೆಸರನ್ನು ಗಟ್ಟಿಯಾಗಿ ಓದಿದರು. ನಾಲ್ಕನೆಯ ಫೋನ್ ಸ್ವತಃ ಮಾಮನದು.

"ಯವ್ವಾ, ನಿನ್ನ ಸೈಟು ಕೆಟ್ಟೈತೆ ನೋಡು."

"ಸೈಟು ಕೆಟ್ಟಿಲ್ಲ ಮಾಮ. ಭಾನುವಾರ ಬರ್ತೀನಿ, ಬಂದು ಹೇಳ್ತೀನಿ" ಎಂದು ಫೋನ್ ಇಟ್ಟೆ. ಬಾಗಿಲು ಹಾಕಿಕೊಂಡು ಆ ಪಾಸ್‌ವರ್ಡನ್ನು ನನ್ನದೇ ತಪಾಸಣೆಯಲ್ಲಿ ಹಾಕಿ ನೋಡಿದೆ. ಇನ್ನೂರ ಹನ್ನೊಂದು ಎಂದು ಬಂತು.

ಸುಲಭದ ಪಾಸ್‌ವರ್ಡುಗಳು ಲಕ್ಷಗಟ್ಟಲೆ ಸಲ ಬರುತ್ತವೆ, ಅದು ಹೊಸದಲ್ಲ. ಆದರೆ ಈ ಎಮ್ಮೆಯ ಹೆಸರು ಗೊತ್ತಿದ್ದವರು ನಮ್ಮ ಮನೆಯ ಏಳೆಂಟು ಮಂದಿ. ಅದು ಇನ್ನೂರ ಹನ್ನೊಂದು ಸಲ ಕಳುವಾಗಬೇಕಾದರೆ ಒಂದೇ ದಾರಿ. ಮಾಮ ಬಂದವರಿಗೆಲ್ಲ ಅದನ್ನೇ ಇಟ್ಟುಕೊಟ್ಟಿದ್ದ. ಎಂದೋ ಒಂದು ದಿನ ಯಾವುದೋ ಸೈಟಿನಿಂದ, ಅಥವಾ ನಾಲ್ಕಾರು ಸೈಟುಗಳಿಂದ, ಅವನ ಗಿರಾಕಿಗಳ ಹೆಸರು, ಫೋನ್ ನಂಬರು, ಪಾಸ್‌ವರ್ಡ್ ಸಾಲಾಗಿ ಹೊರಗೆ ಹೋಗಿದ್ದವು. ಯಾವ ಸೈಟು ಎಂದು ಪಟ್ಟಿ ಹೇಳುವುದಿಲ್ಲ. ಆ ಸಾಲುಗಳು ಯಾರ ಕೈಯಲ್ಲಿವೆಯೋ ಅವನು ಅದೇ ಹೆಸರಿಗೆ ಅದೇ ಪಾಸ್‌ವರ್ಡ್ ಹಾಕಿ ಅವರ ಮೇಲ್, ಪಿಂಚಣಿ, ಅಂಕಪಟ್ಟಿ, ಗ್ಯಾಸ್ ಬುಕಿಂಗ್, ಯಾವುದನ್ನು ಬೇಕಾದರೂ ತೆರೆದು ನೋಡಬಹುದು. ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಹೆದರಿಕೆ.

ಮರುದಿನ ಸೂಪರಿಂಟೆಂಡೆಂಟರು ಕರೆದರು. ಅವರ ಕಿವಿಗೂ ದೂರು ಮುಟ್ಟಿತ್ತು.

"ತೆಗೆದುಬಿಡ್ರಿ ಮೇಡಂ ಅದನ್ನ. ಕಳುವಾದ್ದು ಕಳುವಾಗೈತೆ. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ಅರ್ಜಿ ಬರಬೇಕು ನಮಗೆ."

"ಈ ಕೋಟೆ ಇನ್ನೂ ಕೊಳ್ಳೆ ಹೋಗಿಲ್ಲ ಸರ್, ಹೋಗಿರೋದು ಬೇರೆಯವರದು. ಇದರ ಕೀಲಿ ಮಾತ್ರ ಹೊರಗೈತೆ" ಎಂದೆ. ಕೊನೆಯ ದಿನಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಒಂದು ವಾರ ಬಿಡಿ, ಹರಿಹರದ ಕಡೆಯ ಅರ್ಜಿ ನಾನು ಬರುವ ಹಾಗೆ ಮಾಡುತ್ತೇನೆ, ಬರಲಿಲ್ಲವೆಂದರೆ ತೆಗೆಯುತ್ತೇನೆ ಎಂದು ಒಪ್ಪಿಸಿದೆ. ಒಪ್ಪಿಸಿ ಹೊರಗೆ ಬಂದಮೇಲೆ, ಮಾಮನಿಗೆ ಹೇಗೆ ಹೇಳುವುದೆಂದು ನನಗೇ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಕೂಟಿ ತೆಗೆದುಕೊಂಡು ಹೊರಟೆ. ನಡುದಾರಿಯ ಬಾತಿ ಹಳ್ಳಿ ದಾಟುವವರೆಗೂ ಮಾತುಗಳನ್ನು ಜೋಡಿಸಿಕೊಂಡೆ. ಹರಿಹರ ಮುಟ್ಟುವಷ್ಟರಲ್ಲಿ ಎಲ್ಲ ಮರೆತು ಸಿಟ್ಟು ಮಾತ್ರ ಉಳಿದಿತ್ತು. ಮಾಮ ಅಂಗಡಿ ಗುಡಿಸಿ, ವಿಭೂತಿ ಹಚ್ಚಿಕೊಂಡು, ಕಂಪ್ಯೂಟರಿನ ಮೇಲಿನ ಬಟ್ಟೆ ಮಡಿಸುತ್ತಿದ್ದ. ಅವನು ಕೂರುವುದು ಒಂದು ತಿರುಗುವ ಕುರ್ಚಿಯಲ್ಲಿ, ಕಾರ್ಖಾನೆಯ ಸಾಮಾನು ಹರಾಜಾದಾಗ ತಂದದ್ದು. ತಾನು ಇಪ್ಪತ್ತು ವರ್ಷ ಕೂತ ಕುರ್ಚಿಯನ್ನೇ ಹುಡುಕಿ ತಂದಿದ್ದ.

"ಕೂಡು. ಚಾ ಹೇಳ್ತೀನಿ."

"ಚಾ ಬ್ಯಾಡ. ಎಷ್ಟು ಮಂದಿಗೆ ಕೊಟ್ಟೀಯ ಆ ಎಮ್ಮಿ ಹೆಸರು?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಾರ್ಗೂ" ಎಂದ, ಎಲ್ಲರಿಗೂ ಊಟ ಹಾಕಿದೆ ಎನ್ನುವ ದನಿಯಲ್ಲಿ. "ಮಂದಿ ಮರೀತಾರೆ. ಒಂದು ವರ್ಷ ಬಿಟ್ಟು ಬಂದು ಅಣ್ಣಾರೇ ನಂದು ಏನಿತ್ತು ಅಂತಾರೆ. ಒಂದೇ ಇದ್ರೆ ನನಗೆ ನೆನಪಿರ್ತೈತೆ. ಮೊದ್ಲು ಬ್ಯಾರೆ ಬ್ಯಾರೆ ಇಟ್ಟು ನೋಡ್ದೆ. ಮಂದಿ ತಮ್ಮ ಹೆಸ್ರು, ಒಂದು ಎರಡು ಮೂರು, ಇಂಥಾವೇ ಹೇಳ್ತಾರೆ. ನನ್ನ ಹತ್ರ ಅಷ್ಟು ಚಲೋದು ಇಟ್ಕಂಡು, ಮಂದಿಗೆ ಹಾಳಾದ್ದು ಕೊಡಾಕ ಆಗ್ತೈತಾ? ನಮ್ಮವ್ವ ಹೆಪ್ಪು ಹೆಂಗೆ ಕೊಡ್ತಿದ್ಲು?"

ನಮ್ಮ ಅಜ್ಜಿಯ ಮನೆಯ ಮೊಸರು ಕೇರಿಗೆಲ್ಲ ಹೆಸರಾಗಿತ್ತು. ಸಂಜೆಯಾದರೆ ಬಟ್ಟಲು ಹಿಡಿದು ಹೆಪ್ಪಿಗೆ ಬರುತ್ತಿದ್ದರು, ಒಂದು ಚಮಚ ಕೇಳಿದವರಿಗೆ ಅಜ್ಜಿ ಅರ್ಧ ಬಟ್ಟಲು ಹಾಕುತ್ತಿದ್ದಳು. ಒಳ್ಳೆಯ ಹೆಪ್ಪನ್ನು ಬಚ್ಚಿಟ್ಟುಕೊಳ್ಳುವುದು ಆ ಮನೆಯಲ್ಲಿ ಕಳ್ಳತನದಷ್ಟೇ ಕೆಟ್ಟದ್ದು. ಹಾಲು ಕೊಡುತ್ತಿದ್ದದ್ದೂ ಅದೇ ಎಮ್ಮೆ. ಮಾಮ ಅಜ್ಜಿಯ ಮಗ, ಕಂಪ್ಯೂಟರಿನ ಮುಂದೆಯೂ ಅದನ್ನೇ ಮಾಡಿದ್ದ.

ಕಳುವಾದ ಪಟ್ಟಿಯ ವಿಷಯ ಬಿಡಿಸಿ ಹೇಳಿದೆ. ಅವನದೇ ಕಂಪ್ಯೂಟರಿನಲ್ಲಿ ಆ ಪಾಸ್‌ವರ್ಡ್ ಹಾಕಿ ಇನ್ನೂರ ಹನ್ನೊಂದನ್ನು ತೋರಿಸಿದೆ. ಮಾಮ ತುಂಬ ಹೊತ್ತು ಆ ಅಂಕಿಯನ್ನೇ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಇಷ್ಟೂ ನನ್ನ ಮಂದಿನೇ?"

"ನಿನ್ನ ಮಂದಿನೇ. ಎಲ್ಲಾರ್ನೂ ಕರೆಸಬೇಕು ಮಾಮ. ಎಲ್ಲಾರಿಗೂ ಒಂದೇ ಕೊಟ್ಟಿದ್ದೆ, ಅದು ಹೊರಗೆ ಹೋಗೈತೆ, ಬದಲಾಯಿಸ್ಕೊಳ್ರಿ ಅಂತ ನೀನೇ ಹೇಳ್ಬೇಕು."

"ಅದು ಹೆಂಗೆ ಹೇಳ್ಲಿ?" ದನಿ ಏರಿತು. "ನಾನೇನು ಕದ್ದೀನಾ? ಒಬ್ರದಾದ್ರೂ ಒಂದಿನ ತೆಗೆದು ನೋಡೀನಾ?"

"ನೋಡೀಯ ಅಂತ ಯಾರಂದ್ರು?"

"ಅಂತಾರೆ. ನಾಳೆ ಅಂತಾರೆ. ಎಲ್ಲಾರ ಮನಿಗೂ ಒಂದೇ ಕೀಲಿ ಯಾಕ ಮಾಡಿದ್ದ ಇವನು ಅಂತ ಕೇಳ್ತಾರೆ. ಹೊಳಿ ಆಚೆ ಈಚೆ ಮಂದಿ ತಮ್ಮ ಕಾಗದಪತ್ರ ಎಲ್ಲಾ ನನ್ನ ಟೇಬಲ್ ಮ್ಯಾಲೆ ಬಿಟ್ಟು ಸಂತಿಗೆ ಹೋಗ್ತಾರೆ. ಆ ನಂಬಿಕಿ ಬಿಟ್ರೆ ನನ್ನ ಹತ್ರ ಏನೈತೆ? ಈ ಮಷೀನು ಐತೆ. ಮಷೀನು ಎದುರಿನ ಅಂಗಡಿಯಾಗೂ ಐತೆ."

ಆಗ ನಾನು ಹೇಳಬಾರದ ಮಾತು ಹೇಳಿದೆ. "ನಿನ್ನ ಹೆಸರು ಉಳೀಲಿ ಅಂತ ಅಷ್ಟೂ ಮಂದಿ ಮನಿ ಬಾಗಿಲು ತೆಗೆದಿಡ್ತೀಯಾ? ನಮ್ಮಜ್ಜಿ ಹುಳ ಬಿದ್ದ ಹೆಪ್ಪು ಕೊಟ್ಟಿದ್ರೆ ಸುಮ್ನೆ ಕೂಡ್ತಿದ್ಲಾ?"

ಮಾಮ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದ. ಚಾ ಬಂತು. ನಾನು ಕುಡಿಯದೆ ಎದ್ದು ಬಂದೆ. ದಾವಣಗೆರೆ ಮುಟ್ಟುವವರೆಗೂ ನನ್ನ ಮೇಲೇ ನನಗೆ ಅಸಹ್ಯವಾಗುತ್ತಿತ್ತು. ಹೇಳಿದ ವಿಷಯ ಸರಿಯಾಗಿಯೇ ಇತ್ತು, ಅಜ್ಜಿಯನ್ನು ಎಳೆದು ತರಬಾರದಿತ್ತು.

ಮೂರು ದಿನ ಸುದ್ದಿಯಿಲ್ಲ. ಬುಧವಾರ ಬೆಳಿಗ್ಗೆ ಬಿಸಿಯೂಟದ ಹೆಣ್ಣುಮಗಳು ಮತ್ತೆ ಫೋನ್ ಮಾಡಿದಳು. "ಅಣ್ಣಾರು ಬಾ ಅಂತ ಹೇಳಿಕಳಿಸ್ಯಾರ್ರಿ. ಅಡಿಗಿ ಕೆಲ್ಸ ಮುಗಿಸಿ ಮೂರು ಗಂಟೆಗೆ ಹೋಗ್ತೀನಿ. ಇವತ್ತಾದ್ರೂ ತಗೊಂತೈತಾ ನಿಮ್ದು?" ತಗೊಳ್ಳುತ್ತದೆ ಎಂದೆ. ಮೂರಕ್ಕೆ ನಾನೂ ಹರಿಹರದಲ್ಲಿದ್ದೆ.

ಮಾಮ ನನ್ನ ಕಡೆ ನೋಡಿ, ಮೂಲೆಯ ಸ್ಟೂಲು ತೋರಿಸಿ, ಮಾತಾಡಬೇಡ ಎಂದು ಕಣ್ಣಿನಲ್ಲೇ ಹೇಳಿದ. ಆ ಹೆಣ್ಣುಮಗಳು ಬಂದಳು. ನಲವತ್ತರ ಒಳಗಿನವಳು, ಸೆರಗಿಗೆ ಒಗ್ಗರಣೆಯ ವಾಸನೆ. ಅಂಗಡಿಯಲ್ಲಿ ಜೆರಾಕ್ಸಿಗೆ ಬಂದ ಇನ್ನೂ ಇಬ್ಬರು ಇದ್ದರು. ಅವರು ಹೋಗಲಿ ಎಂದು ಮಾಮ ಕಾಯುತ್ತಾನೆ ಅಂದುಕೊಂಡೆ, ಕಾಯಲಿಲ್ಲ. ಎದ್ದು ನಿಂತು, ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ನಿಲ್ಲುವ ಹಾಗೆ ನಿಂತು ಹೇಳಿದ:

"ತಂಗೀ, ನಿನಗೆ ಇಟ್ಟುಕೊಟ್ಟೀನಲ್ಲ ಪಾಸ್‌ವರ್ಡು, ಅದನ್ನೇ ಎಲ್ಲಾರ್ಗೂ ಕೊಟ್ಟೀನಿ. ನಿನಗೊಬ್ಬಾಕಿಗೇ ಅಲ್ಲ. ಅದೀಗ ಹೊರಗೆ ಕಳ್ಳರ ಕೈಗೆ ಸಿಕ್ಕೈತೆ. ತಪ್ಪು ನಂದು. ಇವತ್ತು ನಿಂದು ಎಲ್ಲಾ ಬದಲಾಯಿಸ್ಬೇಕು."

ಆಕೆ ಅವನ ಮುಖವನ್ನೇ ನೋಡಿದಳು. "ಎಲ್ಲಾರ್ಗೂ ಒಂದೇ ಕೀಲಿ ಕೊಟ್ಟಿದ್ರಾ ಅಣ್ಣಾರೇ?"

"ಹೂಂ."

"ನಮ್ಮ ಓರಗಿತ್ತಿಗೂ?"

ಮಾಮ ನೋಟ್‌ಬುಕ್ ತಿರುವಿ ನೋಡಿದ. "ಆಕೀಗೂ."

"ಅಯ್ಯೋ ಶಿವನೇ! ನಾಕು ವರ್ಷದಿಂದ ಒಬ್ರಿಗೊಬ್ರು ಮಾತು ಬಿಟ್ಟೀವಿ. ನಡುವೆ ಗ್ವಾಡಿ ಎಬ್ಬಿಸೀವಿ. ಕೀಲಿ ಮಾತ್ರ ಒಂದೇ ಇಟ್ಕಂಡೀವಾ!" ಜೆರಾಕ್ಸಿಗೆ ಬಂದವರು ನಕ್ಕರು, ಆಕೆಯೂ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು, "ಆಕಿ ನಂದು ತೆಗೆದು ನೋಡಿದ್ರೆ?"

"ಆಕೀಗೂ ಇದು ಗೊತ್ತಿಲ್ಲ. ನೋಡಿದ್ರೆ ಅದೂ ನನ್ನ ತಪ್ಪೇ."

ಆಕೆ ಕೂತಲ್ಲೇ ಫೋನಿನ ಕವರಿನಿಂದ ಚೀಟಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಈಗ ಎದ್ದು ಹೋಗುತ್ತಾಳೆ ಎಂದು ನನಗನ್ನಿಸಿತು. ಮಾಮನಿಗೂ ಹಾಗೆಯೇ ಅನ್ನಿಸಿರಬೇಕು, ಅವನ ಕೈ ಟೇಬಲ್ಲಿನ ಅಂಚನ್ನು ಹಿಡಿದುಕೊಂಡಿತ್ತು. ಆಕೆ ಎದ್ದಳು. ಎದ್ದು ಗಿರಾಕಿಯ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡು, "ಹಂಗಾದ್ರೆ ಇನ್ನೊಂದು ಚಲೋದು ಹಾಕ್ರಿ" ಎಂದಳು.

"ನಾನು ಹಾಕಂಗಿಲ್ಲ. ನೀನೇ ಹಾಕ್ಬೇಕು."

"ನನಗ್ಯಾಕ ಬಂತು ಈ ಪಾಡು? ನೀವೇ ಹಾಕ್ರಿ ಅಣ್ಣಾರೇ. ನಿಮಗೆ ಗೊತ್ತಿದ್ರೇನೆ ಚಲೋ."

"ಬ್ಯಾಡ" ಎಂದ ಮಾಮ. ಕೀಬೋರ್ಡನ್ನು ಆಕೆಯ ಕಡೆ ಸರಿಸಿ, ತನ್ನ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ. ಗೋಡೆಯ ಮೇಲೆ ಒಂದು ಕ್ಯಾಲೆಂಡರು ಬಿಟ್ಟರೆ ಏನೂ ಇರಲಿಲ್ಲ.

ಇಪ್ಪತ್ತು ವರ್ಷ ಬೇರೆಯವರಿಗಾಗಿ ಟೈಪ್ ಮಾಡಿದ ಮನುಷ್ಯ ಕೈಕಟ್ಟಿ ಗೋಡೆ ನೋಡುತ್ತಾ ಕೂತಿದ್ದ. ಆಕೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಮೊದಲನೆಯದನ್ನು ಸೈಟು ಬೇಡವೆಂದಿತು, ಅದೂ ಪಟ್ಟಿಯಲ್ಲಿತ್ತು. "ಇದೂ ಕಳುವಾಗೈತಂತೆ! ಯಾವ ಮೂದೇವಿ ಇಟ್ಕಂಡಿದ್ಲೋ" ಎಂದು ಬೈದಳು. ಎರಡನೆಯದೂ ಆಗಲಿಲ್ಲ. ಮೂರನೆಯದಕ್ಕೆ ತುಂಬ ಹೊತ್ತು ಯೋಚಿಸಿ, ತುಟಿ ಅಲ್ಲಾಡಿಸುತ್ತಾ, ಉದ್ದನೆಯದೇನೋ ಒತ್ತಿದಳು. ಸೈಟು ಒಪ್ಪಿಕೊಂಡಿತು.

"ಏನಂತ ಹೇಳ್ಲಾ ಅಣ್ಣಾರೇ?"

"ಬ್ಯಾಡವ್ವಾ."

"ಮರೆತ್ರೆ?"

"ಮರೆತ್ರೆ ಬಾ. ಹೊಸಾದು ಹಾಕ್ಕಳ್ಳೋದು ಹೆಂಗಂತ ತೋರಿಸ್ತೀನಿ. ಹಾಕೋದು ಮತ್ತೆ ನೀನೇ."

ಅವಳ ಮೇಲ್ ಮತ್ತು ಇನ್ನುಳಿದ ಖಾತೆಗಳನ್ನೂ ಹೀಗೆಯೇ ಬದಲಾಯಿಸುವಷ್ಟರಲ್ಲಿ ಐದು ಗಂಟೆಯಾಯಿತು. ಮಾಮ ನೋಟ್‌ಬುಕ್ಕಿನಲ್ಲಿ ಅವಳ ಸಾಲಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದ. ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ನಮ್ಮ ಓರಗಿತ್ತಿಗೆ ನಾನೇ ಹೇಳ್ಲೇನ್ರಿ?" ಎಂದಳು. ಹೇಳು ಎಂದ ಮಾಮ. ಹೇಳಿದಳಂತೆ, ಗೋಡೆಯ ಈಚೆಯಿಂದಲೇ ಕೂಗಿ. ಮರುದಿನ ಆಕೆಯೂ ಬಂದಳು. ಅವರಿಬ್ಬರೂ ಆಮೇಲೆ ಮಾತಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಹರಿಹರದ ಅರ್ಜಿಗಳು ಕೊನೆಯ ದಿನದೊಳಗೆ ಬಂದವು. ತಪಾಸಣೆ ಉಳಿಯಿತು. ಹುಡುಗಿಗೆ ಹಾಸ್ಟೆಲ್ ಸಿಕ್ಕಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು, ಮಾಮನದು ಮುಗಿಯಲಿಲ್ಲ. ಅವನು ಫೋನಿನಲ್ಲಿ ಯಾರಿಗೂ ಕಾರಣ ಹೇಳುತ್ತಿರಲಿಲ್ಲ, ಅಂಗಡಿಗೆ ಕರೆಸಿ, ಎದ್ದು ನಿಂತು, ಅದೇ ಮಾತುಗಳಲ್ಲಿ ಹೇಳುತ್ತಿದ್ದ. ಹೇಳಿ ಕುರ್ಚಿ ತಿರುಗಿಸುತ್ತಿದ್ದ. ಬಹಳ ಮಂದಿ ನಕ್ಕು, ನೀವೇ ಹಾಕ್ರಿ ಎಂದು ಜಗ್ಗಾಡಿ, ಕೊನೆಗೆ ತಾವೇ ಹಾಕಿಕೊಂಡರು. ಕೆಲವರು ಬೈದರು. ಊರು ಬಿಟ್ಟವರನ್ನು ನೆಂಟರ ಮೂಲಕ ಹುಡುಕಿಸಿದ. ತೀರಿಹೋದವರ ಮನೆಗೆ ತಾನೇ ಹೋಗಿ, ಮಕ್ಕಳ ಕೈಯಲ್ಲಿ ಖಾತೆ ಮುಚ್ಚಿಸಿ ಬಂದ.

ಒಬ್ಬರು ಮಾತ್ರ ಹಾಗಲ್ಲ. ಕಾರ್ಖಾನೆಯಲ್ಲಿ ಅವನ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ಸ್ನೇಹಿತ. ಮಾಮನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಏನೂ ಹೇಳದೆ, ತನ್ನ ಕಾಗದಗಳ ಫೈಲು ಕೇಳಿ ಇಸಿದುಕೊಂಡು ಎದುರಿನ ಅಂಗಡಿಗೆ ಹೋದರು. ಮತ್ತೆ ಬರಲಿಲ್ಲ. ದಿನಾ ಬೆಳಿಗ್ಗೆ ಅದೇ ದಾರಿಯಲ್ಲಿ ಹಾಲು ತರಲು ಹೋಗುತ್ತಾರೆ, ಈ ಕಡೆ ನೋಡುವುದಿಲ್ಲ. "ಬೈದಿದ್ರೆ ಚಲೋ ಇತ್ತು" ಎಂದು ಮಾಮ ನನಗೆ ಒಂದೇ ಸಲ ಹೇಳಿದ. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅವರು ಮಾಡಿದ್ದು ತಪ್ಪು ಎಂದು ಹೇಳಲೂ ಬಾಯಿ ಬರುವುದಿಲ್ಲ.

ಮಳೆಗಾಲ ಕಳೆದು, ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಮಾಮ ಫೋನ್ ಮಾಡಿದ. "ಮುಗೀತು. ಬಾ." ಹೋದೆ. ಈ ಸಲ ಮೊದಲು ಚಾ ಕುಡಿದೆ. ನೋಟ್‌ಬುಕ್ ಟೇಬಲ್ಲಿನ ಮೇಲಿತ್ತು. ಕೊನೆಯಿಂದ ಒಂದೊಂದೇ ಪುಟ ತಿರುವಿ ತೋರಿಸಿದ. ಪ್ರತಿ ಸಾಲಿನ ಮೇಲೂ ಸ್ಕೇಲಿನ ನೇರ ಗೆರೆ, ಪಕ್ಕದಲ್ಲಿ ತಾರೀಕು. ಅವನ ಮುಖದಲ್ಲಿ ಪರೀಕ್ಷೆ ಬರೆದು ಮುಗಿಸಿದವರ ಗೆಲುವು ಇತ್ತು.

"ಈಗ ಹಾಕಿ ನೋಡು."

"ಏನನ್ನ?"

"ಎಮ್ಮಿ ಹೆಸರು. ನಿನ್ನ ಪಟ್ಟಿಯಾಗ ನೋಡು. ಸೊನ್ನೆ ಆಗಿರ್ಬೇಕೀಗ, ಇಲ್ಲಾಂದ್ರೆ ಒಂದು."

ಆಗ ನನಗೆ ಅರ್ಥವಾಯಿತು. ಒಬ್ಬೊಬ್ಬರು ಬದಲಾಯಿಸಿದ ಹಾಗೆ ಆ ಅಂಕಿ ಒಂದೊಂದೇ ಇಳಿಯುತ್ತದೆ ಎಂದು ಇಷ್ಟು ತಿಂಗಳು ಅವನು ನಂಬಿಕೊಂಡಿದ್ದ. ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಹಾಕಿದೆ. ಇನ್ನೂರ ಹನ್ನೊಂದೇ ಬಂತು.

ಮಾಮ ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. "ಹಂಗೇ ಐತಲ್ಲ" ಎಂದ.

"ಅದು ಇಳಿಯಂಗಿಲ್ಲ ಮಾಮ. ಒಂದ್ಸಲ ಹೊರಗೆ ಹೋದ್ದು ಹೋಗೇ ಇರ್ತೈತೆ. ಯಾವತ್ತೂ ಸೊನ್ನೆ ಆಗಲ್ಲ." ಸುಳ್ಳು ಹೇಳಬೇಕೆಂದು ಒಂದು ಕ್ಷಣ ಅನ್ನಿಸಿತ್ತು. ಹೇಳಲು ಬರಲಿಲ್ಲ.

ಅವನು ಗೆರೆ ಎಳೆದ ಪುಟದ ಮೇಲೆ ಅಂಗೈ ಇಟ್ಟ. ಆಮೇಲೆ ಕೇಳಿದ, "ಆದ್ರೂ ಆ ಇನ್ನೂರ ಹನ್ನೊಂದರಾಗ ಈಗ ಯಾರೂ ಇಲ್ಲ ಅಲ್ಲ? ಕಳ್ಳ ಬಂದು ಕೀಲಿ ಹಾಕಿದ್ರೂ ಯಾರ ಬಾಗಿಲೂ ತೆಗಿಯಂಗಿಲ್ಲ ಅಲ್ಲ?"

"ಯಾರದೂ ತೆಗಿಯಂಗಿಲ್ಲ. ನೀನು ಎಲ್ಲಾರ್ನೂ ಹೊರಗೆ ತಂದೀಯ ಮಾಮ." ಅಜ್ಜಿಯ ಮಾತೆತ್ತಿದ್ದಕ್ಕೆ ಅವನಲ್ಲಿ ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಮಾಮ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ನನ್ನ ಕಡೆ ತಿರುಗಿಸಿದ. ಅರಿಶಿನ ಕುಂಕುಮದ ಕಲೆ ಕಂದಾಗಿತ್ತು. ಪುಟದ ಎಲ್ಲ ಸಾಲಿಗೂ ಗೆರೆ ಬಿದ್ದಿತ್ತು, ಮೊದಲ ಸಾಲೊಂದನ್ನು ಬಿಟ್ಟು. ಅದು ನನ್ನ ಹೆಸರು, ನನ್ನ ಮೊದಲ ಮೇಲ್.

ಆ ಮೇಲನ್ನು ನಾನು ದಿನಾ ತೆರೆಯುವುದಿಲ್ಲ. ಆದರೆ ನನ್ನ ಬ್ಯಾಂಕಿನದು, ಕಚೇರಿಯದು, ಗಿರಾಕಿಗಳ ಸೈಟುಗಳದು, ಯಾವ ಪಾಸ್‌ವರ್ಡ್ ಮರೆತರೂ ಹೊಸದನ್ನು ಮಾಡಿಕೊಳ್ಳುವ ಲಿಂಕು ಬಂದು ಬೀಳುವುದು ಅದಕ್ಕೇ. ಹಾಸ್ಟೆಲಿನ ಅಷ್ಟೂ ಹುಡುಗಿಯರ ಅರ್ಜಿ ಇರುವ ಸೈಟಿನದೂ ಅಲ್ಲಿಗೇ. ಇಷ್ಟು ವರ್ಷ ಅದರ ಬಾಗಿಲಿಗೆ ಅದೇ ಎಮ್ಮೆಯ ಹೆಸರು. ಇನ್ನೂರ ಹನ್ನೊಂದನ್ನು ಮೊದಲು ನೋಡಿದ ದಿನದಿಂದ ಇಂದಿನವರೆಗೆ ಅದು ನನಗೆ ಒಂದು ಸಲವೂ ನೆನಪಾಗಿರಲಿಲ್ಲ. ಮುಖ ಕಾಸಿದ ಹಂಚಿನಂತೆ ಬಿಸಿಯಾಯಿತು.

"ನೀನಾಗೇ ಹೇಳ್ತಿ ಅಂತ ಕಾದೆ" ಎಂದ ಮಾಮ. ದನಿಯಲ್ಲಿ ಕುಹಕವಿರಲಿಲ್ಲ, ಸ್ವಲ್ಪ ನಗುವಿತ್ತು. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

ಎದ್ದು ಕೀಬೋರ್ಡನ್ನು ನನ್ನ ಕಡೆ ಸರಿಸಿದ.

"ನೀನು ತಿರುಗಬ್ಯಾಡ ಮಾಮ. ನನ್ನ ಮುಂದೆ ಯಾಕ?"

"ಎಲ್ಲಾರ್ಗೂ ಒಂದೇ" ಎಂದು, ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ, ಕೈಯಲ್ಲಿ ಸ್ಕೇಲು ಹಿಡಿದುಕೊಂಡು ಕೂತ.